ಮಡಕೆಗೂ ಒಂದು ಛಂದಸ್ಸು

ಕಲೆಯ ವಿಷಯದಲ್ಲಿ ನಮ್ಮ ಸುಶಿಕ್ಷಿತ ಸಮಾಜವು ಒಂದು ವಿಚಿತ್ರವಾದ ಪಂಕ್ತಿಭೇದವನ್ನು ಪಾಲಿಸಿಕೊಂಡು ಬಂದಿದೆ. ಗೋಡೆಗೆ ತೂಗುಹಾಕಿದ ಚಿತ್ರ ಕಲೆ; ಪಡಸಾಲೆಯ ಮೂಲೆಯಲ್ಲಿ ನಿಂತ ವಿಗ್ರಹ ಕಲೆ; ಒಲೆಯ ಮೇಲೆ ಕುಳಿತು ಮನೆಮಂದಿಗೆ ಸಾರು ಕುದಿಸಿಕೊಡುವ ಮಡಕೆ ಮಾತ್ರ ಕಸಬು. ಮೊದಲಿನ ಇಬ್ಬರು ಅತಿಥಿಗಳಿಗೆ ಮಣೆ ಹಾಕಿ ಎಲೆ ಹಾಸುತ್ತೇವೆ. ಮೂರನೆಯವನಿಗೆ ಹಿತ್ತಿಲ ಜಗಲಿಯನ್ನು ತೋರಿಸುತ್ತೇವೆ. ಕಾರಣವೇನೆಂದು ಕೇಳಿ ನೋಡಿ: “ಮಡಕೆ ಉಪಯೋಗದ ವಸ್ತುವಲ್ಲವೆ?” ಎಂಬ ಉತ್ತರ ಥಟ್ಟನೆ ಬರುತ್ತದೆ. ಎಂದರೆ, ನಾಲ್ಕು ಜನರ ಉಪಯೋಗಕ್ಕೆ ಬಂದದ್ದೇ ಮಡಕೆಯ ಅಪರಾಧ. ಈ ವಾರ ಆ ಅಪರಾಧದ ವಿಚಾರಣೆಯನ್ನು ತುಸು ಸಾವಧಾನವಾಗಿ ನಡೆಸೋಣ. ವಾಚಕರೇ ನ್ಯಾಯಾಧೀಶರು; ನನ್ನದು ಬರಿಯ ವಕಾಲತ್ತು.

ವಕಾಲತ್ತಿಗೆ ಕಾರಣವೂ ಉಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಕುಲಾಲರೆಂದೂ ಕುಂಬಾರರೆಂದೂ ಕರೆಯಿಸಿಕೊಳ್ಳುವವರ ಮನೆಗಳು ಅನೇಕ. ಆದರೆ ತಿಗರಿ ತಿರುಗುವ ಮನೆಗಳು ವಿರಳ. ಮನೆಯ ಮಾಡಿಗೆ ಹೊದೆಸುವ ಹೆಂಚನ್ನು ಕೈಯಿಂದ ಯಂತ್ರಕ್ಕೆ ಒಯ್ದವರು ಬಾಸೆಲ್ ಮಿಷನ್ನಿನವರು. 1865ರಲ್ಲಿ ಅವರು ಮಂಗಳೂರಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದರು. ಮುಂದೆ ಕುಂದಾಪುರದ ಹೊಳೆದಂಡೆಗಳಲ್ಲಿಯೂ ಹೆಂಚಿನ ಕಾರ್ಖಾನೆಗಳ ಹೊಗೆಗೂಡುಗಳು ಎದ್ದವು. ಒಲೆಯ ಮೇಲಿನ ಸ್ಥಾನವನ್ನು ಅಲ್ಯುಮಿನಿಯಂ ಕಸಿದುಕೊಂಡಿತು. ಅದನ್ನು ಸ್ಟೀಲು ಕಸಿದುಕೊಂಡಿತು. ಕೊನೆಗೆ ಕುಕ್ಕರಿನ ಸೀಟಿ ಎಲ್ಲರ ಬಾಯನ್ನೂ ಮುಚ್ಚಿಸಿತು. ಕುಂಬಾರನ ಮಗ ಊರು ಬಿಟ್ಟು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲು ಸೇರಿದರೆ ಅವನನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ. ಕಲೆಯೊಂದು ಅಳಿಯಿತೆಂದರೆ ನಾವು ಸಭೆ ಸೇರಿ ಶೋಕಿಸುತ್ತೇವೆ, ನಿಧಿ ಕೂಡಿಸುತ್ತೇವೆ, ಅಕಾಡೆಮಿಗೆ ಮನವಿ ಬರೆಯುತ್ತೇವೆ. ಕಸಬೊಂದು ಅಳಿಯಿತೆಂದರೆ ‘ಕಾಲಧರ್ಮ’ವೆಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತೇವೆ. ಆದುದರಿಂದ ಮಡಕೆಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಪಂಡಿತರ ಕಾಲಕ್ಷೇಪವಷ್ಟೇ ಅಲ್ಲ. ಒಂದು ಮನೆಯ ವಿದ್ಯೆ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆಯೂ ಹೌದು.

ಮೊದಲು ಶಬ್ದಗಳ ಕುಲಗೋತ್ರವನ್ನು ವಿಚಾರಿಸೋಣ. ಕನ್ನಡದ ಮೇಷ್ಟರಿಗೆ ಅದೊಂದು ಚಪಲ. ‘ಕುಂಬಾರ’ ಸಂಸ್ಕೃತದ ‘ಕುಂಭಕಾರ’ನ ತದ್ಭವ. ‘ಕಸಬು’ ಅರಬ್ಬಿಯಿಂದ ನಮ್ಮಲ್ಲಿಗೆ ಬಂದ ಶಬ್ದ. ಸಂಪಾದನೆ ಎಂಬುದು ಅದರ ಮೂಲಾರ್ಥ. ಇನ್ನು ‘ಕಲೆ’. ಈ ಮಾತಿಗೆ ನಮ್ಮ ಹಿಂದಿನವರು ಕೊಟ್ಟ ವ್ಯಾಪ್ತಿ ಬಹು ದೊಡ್ಡದು. ಅರುವತ್ತನಾಲ್ಕು ಕಲೆಗಳೆಂದು ನಾವು ಬಾಯಿಪಾಠ ಒಪ್ಪಿಸುತ್ತೇವಷ್ಟೆ? ವಾತ್ಸ್ಯಾಯನನ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯಗಳ ಜತೆಗೆ ಬಡಗಿಯ ಕೆಲಸ, ಹೊಲಿಗೆ, ಅಡುಗೆಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಶುಕ್ರನೀತಿಯ ಪಟ್ಟಿಯಂತೂ ಇನ್ನೂ ಸ್ಪಷ್ಟ: ಮಣ್ಣು, ಮರ, ಕಲ್ಲು, ಲೋಹಗಳಿಂದ ಪಾತ್ರೆಗಳನ್ನು ಚೆನ್ನಾಗಿ ಮಾಡುವುದು ಒಂದು ಕಲೆಯೆಂದೇ ಅಲ್ಲಿ ಎಣಿಕೆ. ಮಡಕೆಯನ್ನು ಪಂಕ್ತಿಯಿಂದ ಎಬ್ಬಿಸಿದವರು ನಮ್ಮ ಪೂರ್ವಿಕರಲ್ಲ.

ಹಾಗಾದರೆ ಎಬ್ಬಿಸಿದವರು ಯಾರು? ‘ಲಲಿತಕಲೆ’ಗಳೆಂದು ಕೆಲವನ್ನೇ ಆರಿಸಿ ಬೇರೆ ಕೂರಿಸುವ ಇಂದಿನ ರೂಢಿ ನಮಗೆ ಯೂರೋಪಿನಿಂದ ಬಂದದ್ದು. ಅಲ್ಲಿಯೂ ಅದು ಪುರಾತನವಾದುದೇನಲ್ಲ. 1746ರಲ್ಲಿ ಫ್ರಾನ್ಸಿನ ಷಾರ್ಲ್ ಬಾತ್ತೊ ಎಂಬ ವಿದ್ವಾಂಸನು ಒಂದು ಗ್ರಂಥವನ್ನು ಬರೆದು, ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಇವು ಆನಂದಕ್ಕಾಗಿ ಹುಟ್ಟಿದವು. ಉಳಿದ ಕೈಕೆಲಸಗಳು ಅಗತ್ಯಕ್ಕಾಗಿ ಹುಟ್ಟಿದವು ಎಂದು ಗೆರೆ ಎಳೆದನು. ಆದರೆ ಆತನಿಗೂ ಒಂದು ಸಂಕಟ ಬಂತು: ಕಟ್ಟಡವನ್ನು ಎಲ್ಲಿ ಇಡುವುದು? ಅದು ಕಣ್ಣಿಗೂ ತಂಪು, ಮಳೆಗೂ ಆಸರೆ. ಕಟ್ಟಡಕ್ಕೂ ವಾಗ್ಮಿತೆಗೂ ಉಪಯೋಗ ಹಾಗೂ ಆನಂದಗಳೆರಡೂ ಇರುವುದರಿಂದ ಅವೆರಡಕ್ಕೂ ನಡುವೆ ಒಂದು ಮೂರನೆಯ ಸಾಲನ್ನು ಹಾಕಿದನು. ಅರಮನೆಗೆ ದೊರೆತ ಆ ರಿಯಾಯಿತಿ ಅರಮನೆಯ ಅಡುಗೆಮನೆಯಲ್ಲಿದ್ದ ಮಡಕೆಗೆ ದೊರೆಯಲಿಲ್ಲ. ಒಬ್ಬರಿಗೆ ಒಪ್ಪಿದ ನ್ಯಾಯ ಇನ್ನೊಬ್ಬರಿಗೂ ಒಪ್ಪಬೇಕಲ್ಲವೆ?

ಈಗ ಗ್ರಂಥಗಳನ್ನು ಬದಿಗಿಟ್ಟು ಮಡಕೆಯ ಹತ್ತಿರ ಬರೋಣ. ಅದು ಹೇಗೆ ಆಗುತ್ತದೆಂಬುದನ್ನು ಅರಿಯದೆ ಅದರ ಕುಲವನ್ನು ನಿರ್ಣಯಿಸುವುದು ಸಲ್ಲದು.

ಕೊಯ್ಲು ಮುಗಿದು ನೀರಾರಿದ ಗದ್ದೆಯ ಅಡಿಯಿಂದ ಜೇಡಿಮಣ್ಣನ್ನು ತೆಗೆಯಬೇಕು. ಅದನ್ನು ನೆನೆಹಾಕಿ, ಕಲ್ಲು ಬೇರುಗಳನ್ನು ಆರಿಸಿ, ಬೇಕಾದಷ್ಟೇ ಮರಳನ್ನು ಬೆರೆಸಿ, ಕಾಲಿನಿಂದ ತುಳಿದು ಹದಗೊಳಿಸಬೇಕು. ಮರಳು ಕಡಿಮೆಯಾದರೆ ಮಡಕೆ ಒಣಗುವಾಗ ಬಿರಿಯುತ್ತದೆ. ಹೆಚ್ಚಾದರೆ ತಿಗರಿಯ ಮೇಲೆ ಏಳುವುದೇ ಇಲ್ಲ. ಒಲೆಯ ಮೇಲೆ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ತಣ್ಣೀರು ಎಂಬ ಸಂಕಟವನ್ನು ಮಡಕೆ ತಾಳಿಕೊಳ್ಳುವುದು ಈ ಮರಳಿನ ಬಲದಿಂದ. ಹುಟ್ಟಿದ ಸಣ್ಣ ಬಿರುಕು ಮುಂದೆ ಓಡದಂತೆ ಮರಳಿನ ಕಣ ಅಡ್ಡ ನಿಲ್ಲುತ್ತದೆ. ತಿಗರಿಯ ಮೇಲೆ ಎದ್ದ ಮಡಕೆ ಪೂರ್ಣವಾದದ್ದಲ್ಲ. ಬಾಯಿ ಕಂಠಗಳು ಮಾತ್ರ ಅಲ್ಲಿ ರೂಪಗೊಳ್ಳುತ್ತವೆ. ಗೋಡೆ ಇನ್ನೂ ದಪ್ಪ, ತಳ ಇನ್ನೂ ಅಪೂರ್ಣ. ತುಸು ಒಣಗಿದ ಮೇಲೆ ಒಳಗೆ ಒಂದು ಗುಂಡುಕಲ್ಲನ್ನು ಹಿಡಿದು ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ತಳವನ್ನು ದುಂಡಗೆ ಕೂಡಿಸುತ್ತಾರೆ. ಒಳಗಿನ ಕೈ ಕಣ್ಣಿಗೆ ಕಾಣದು. ದಪ್ಪ ಎಷ್ಟಾಯಿತೆಂದು ಹೇಳುವುದು ಬೆರಳು, ಮತ್ತು ತಟ್ಟಿದ ಸದ್ದು. ಬಳಿಕ ನೆರಳಿನಲ್ಲಿ ಒಣಗಿಸಿ ಆವಿಗೆಯಲ್ಲಿ ಸುಡುತ್ತಾರೆ. ಆವಿಗೆಯ ಉರಿಗೆ ಗಾಳಿ ಧಾರಾಳವಾಗಿ ದೊರೆತರೆ ಮಡಕೆ ಕೆಂಪಾಗುತ್ತದೆ. ಕೊನೆಯಲ್ಲಿ ಗಾಳಿಯನ್ನು ಕಟ್ಟಿ ಹೊಗೆಯನ್ನು ಒಳಗೇ ನಿಲ್ಲಿಸಿದರೆ ಕಪ್ಪಾಗುತ್ತದೆ.

ಆ ದುಂಡುತಳ ಅಂದಕ್ಕೆಂದು ಮಾಡಿದುದಲ್ಲ. ಮೂಲೆಯಿಲ್ಲದ ತಳಕ್ಕೆ ಉರಿ ಸಮನಾಗಿ ಹಬ್ಬುತ್ತದೆ. ಒಲೆಯ ಮೂರು ಗುಂಡುಗಳ ಮೇಲೆ ಅದು ಅಲುಗದೆ ಕೂರುತ್ತದೆ. ಸವಟು ತಳದ ಯಾವ ಭಾಗವನ್ನೂ ಬಿಡದೆ ಸವರುತ್ತದೆ. ಕಿರಿದಾದ ಕಂಠ ಹಬೆಯನ್ನು ಹಿಡಿಯುತ್ತದೆ; ಹೊರಚಾಚಿದ ಅಂಚು ಇಳಿಸುವವರ ಬೆರಳಿಗೆ ಹಿಡಿಯಾಗುತ್ತದೆ. ನೀರಿನ ಮಡಕೆಯ ಗೋಡೆ ಸಣ್ಣಗೆ ಬೆವರಬೇಕು. ಆ ಬೆವರು ಆರಿದಂತೆ ನೀರು ತಣ್ಣಗಾಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾದುದರಿಂದ ಬಯಲುಸೀಮೆಯಷ್ಟು ಬೇಗ ಬೆವರು ಆರದು. ಸಾರಿನ ಮಡಕೆಯಾದರೋ ಬೆವರಕೂಡದು. ಅದಕ್ಕೋಸ್ಕರ ಹೊಸ ಮಡಕೆಯಲ್ಲಿ ಮೊದಲು ಗಂಜಿ ಕುದಿಸಿ ಅದರ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತಾರೆ. ಮಡಕೆಯ ಮೈಯ ಒಂದೊಂದು ಬಾಗಿಗೂ ಅಡುಗೆಮನೆಯಲ್ಲಿ ಒಂದೊಂದು ಕಾರಣವಿದೆ.

ಇದನ್ನೇ ಹಿಡಿದು ಎದುರುಪಕ್ಷದವರು, “ನೋಡಿದಿರಾ? ಎಲ್ಲವೂ ಉಪಯೋಗ ಹೇಳಿದಂತೆ. ಕಲಾವಿದನ ಸ್ವಾತಂತ್ರ್ಯವೆಲ್ಲಿ ಬಂತು?” ಎನ್ನುತ್ತಾರೆ. ನಾನು ಹೇಳಬೇಕೆಂದಿರುವ ಒಂದೇ ಮಾತು ಇಲ್ಲಿಯೇ ಇದೆ.

ಕುಮಾರವ್ಯಾಸನು ಭಾರತವನ್ನು ಭಾಮಿನೀ ಷಟ್ಪದಿಯಲ್ಲಿ ಬರೆದನು. ಆರು ಸಾಲು, ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೆ ಒಂದು, ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ, ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ. ಈ ಕಟ್ಟಳೆಯಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಪದ್ಯ ಕುಂಟುತ್ತದೆ. ಹಾಗೆಂದು ಕುಮಾರವ್ಯಾಸನನ್ನು ‘ಮಾತ್ರೆ ಎಣಿಸುವ ಕಸಬಿನವನು’ ಎಂದು ಯಾರಾದರೂ ಕರೆದುದುಂಟೆ? ಕಟ್ಟಳೆಯೊಳಗೆ ಅಷ್ಟು ಲೀಲೆಯಿಂದ ಆಡಿದನೆಂದೇ ಆತನಿಗೆ ಕೈ ಮುಗಿಯುತ್ತೇವೆ. ಕುಂಬಾರನಿಗೆ ಉಪಯೋಗವೇ ಛಂದಸ್ಸು. ಒಲೆ, ನೀರು, ಉರಿ, ಎತ್ತುವ ಕೈ ಇವು ಆತನ ಗಣಗಳು. ಅವನ್ನು ಮೀರಿದರೆ ಮಡಕೆ ಮಡಕೆಯಾಗದು. ಅವನ್ನು ಪಾಲಿಸಿಯೂ ಒಂದು ಕಂಠ ಇನ್ನೊಂದಕ್ಕಿಂತ ಹಿತವಾಗಿ ತಿರುಗಿರುತ್ತದೆ. ಒಂದು ಹೊಟ್ಟೆ ಇನ್ನೊಂದಕ್ಕಿಂತ ತುಂಬಿ ನಿಂತಿರುತ್ತದೆ. ಆ ಹೆಚ್ಚಳವನ್ನು ಯಾವ ಒಲೆಯೂ ಕೇಳಿರಲಿಲ್ಲ. ಅದನ್ನು ಕೊಟ್ಟವನು ಕುಂಬಾರ.

ಇಲ್ಲಿ ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಛಂದಸ್ಸು ಸರಿಯಿದ್ದ ಮಾತ್ರಕ್ಕೆ ಎಲ್ಲ ಪದ್ಯವೂ ಕಾವ್ಯವಲ್ಲ. ಅಭಿನಂದನಪತ್ರಗಳ ಪದ್ಯಗಳನ್ನು ಓದಿದ ಯಾರಿಗೂ ಈ ಸತ್ಯ ತಿಳಿದಿದೆ. ಅದರಂತೆಯೇ ನೀರು ಸೋರದ ಮಾತ್ರಕ್ಕೆ ಎಲ್ಲ ಮಡಕೆಯೂ ಕಲೆಯಲ್ಲ. ಕುಂಬಾರಿಕೆಗೆ ಬೇಡುವುದು ರಿಯಾಯಿತಿಯನ್ನಲ್ಲ. ಕಾವ್ಯಕ್ಕೆ ಹಿಡಿಯುವ ಒರೆಗಲ್ಲನ್ನೇ ಅದಕ್ಕೂ ಹಿಡಿಯಿರೆಂದು ಮಾತ್ರ.

ಆ ಒರೆಗಲ್ಲು ಯಾರ ಕೈಯಲ್ಲಿದೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಕಾವ್ಯವನ್ನು ಪೂರ್ಣಗೊಳಿಸುವವನು ಸಹೃದಯ. ಮಡಕೆಯ ಸಹೃದಯರನ್ನು ನಾನು ಸಂತೆಯಲ್ಲಿ ಕಂಡಿದ್ದೇನೆ. ಒಬ್ಬ ಅಜ್ಜಿ ಸಾಲಾಗಿಟ್ಟ ಮಡಕೆಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ನಾಲ್ಕನ್ನು ಬದಿಗೆ ಸರಿಸಿ ಐದನೆಯದನ್ನು ಆರಿಸಿಕೊಂಡರು. ಒಡಕು ಇದ್ದರೆ ಸದ್ದು ಬೊಕ್ಕೆಯಾಗುತ್ತದೆ. ಬೇಯದೆ ಹಸಿಯಾಗಿದ್ದರೆ ಮೊದ್ದಾಗುತ್ತದೆ. ಹದವಾಗಿ ಬೆಂದದ್ದು ಮಾತ್ರ ಕಂಚಿನಂತೆ ಮಿಡಿಯುತ್ತದೆ. ಅವರ ಹಿಂದೆಯೇ ಬಂದ ಪೇಟೆಯ ಮಹಿಳೆಯೊಬ್ಬರು ಅಂಥದೇ ಮಡಕೆಯನ್ನು ತೋರಿಸಿ, “ಇದಕ್ಕೆ ಬಣ್ಣ ಬಳಿದು ಕೊಡುತ್ತೀರಾ? ಹಾಲಿನಲ್ಲಿ ಇಡುವುದಕ್ಕೆ” ಎಂದು ಕೇಳಿದರು. ಮಾರುವಾಕೆ ತಡೆಯಿಲ್ಲದೆ ಉತ್ತರಿಸಿದಳು: “ಬಣ್ಣ ಬಳ್ದ್ರೆ ಒಲಿ ಮೇಲ್ ಇಡುಕೆ ಆತ್ತಿಲ್ಲೆ ಅಮ್ಮಾ. ಇದ್ ಸಾರ್ ಮಾಡು ಮಡ್ಕಿ.” ಕಲೆಯ ಬಗ್ಗೆ ಯಾವ ಗ್ರಂಥವನ್ನೂ ಓದದ ಆ ಹೆಂಗಸಿಗೆ ತನ್ನ ಛಂದಸ್ಸು ಯಾವುದೆಂಬುದು ಖಚಿತವಾಗಿ ತಿಳಿದಿತ್ತು.

ಆಕ್ಷೇಪಗಳು ಇನ್ನೂ ಎರಡಿವೆ. ಇಂಗ್ಲಿಷ್ ತತ್ತ್ವಜ್ಞ ಕಾಲಿಂಗ್‌ವುಡ್ 1938ರಲ್ಲಿ ಪ್ರಕಟಿಸಿದ ತನ್ನ ಕಲಾತತ್ತ್ವದ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿದನು. ಕೈಕೆಲಸದವನಿಗೆ ತಾನು ಏನು ಮಾಡಲಿರುವೆನೆಂಬುದು ಮೊದಲೇ ಗೊತ್ತಿರುತ್ತದೆ. ಕಲಾವಿದನಿಗೆ ಮಾಡಿ ಮುಗಿಸಿದ ಮೇಲೆಯೇ ಗೊತ್ತಾಗುತ್ತದೆ, ಎಂಬುದು ಅದರ ತಾತ್ಪರ್ಯ. ತೂಕದ ಮಾತು. ಆದರೆ ಒಂದೇ ಕೃತಿ ಎರಡೂ ಆಗಿರಬಹುದೆಂಬುದನ್ನು ಆತನೇ ಒಪ್ಪಿದ್ದಾನೆ. ಕುಂಬಾರನಿಗೆ ಮಡಕೆ ಮಾಡಬೇಕೆಂಬುದು ಮೊದಲೇ ಗೊತ್ತು, ನಿಜ. ಷಟ್ಪದಿ ಬರೆಯಬೇಕೆಂಬುದು ಕವಿಗೂ ಮೊದಲೇ ಗೊತ್ತು. ಈ ವರ್ಷದ ಮಣ್ಣು, ಇಂದಿನ ತೇವ, ಈ ಆವಿಗೆಯ ಗಾಳಿ ಇವು ಕೂಡಿ ಕೈಯಲ್ಲಿ ಏನಾಗುವುದೆಂಬುದು ಮಾತ್ರ ಇಬ್ಬರಿಗೂ ಕೊನೆಯವರೆಗೆ ಗುಟ್ಟು.

ಎರಡನೆಯದು ಪುನರಾವರ್ತನೆಯ ಆಕ್ಷೇಪ: ಒಂದೇ ತೆರನ ಮಡಕೆಯನ್ನು ನೂರು ಸಲ ಮಾಡುವುದು ಕಲೆ ಹೇಗಾದೀತು? ಇದಕ್ಕೆ ಜಪಾನಿನ ಒಂದು ಬಟ್ಟಲು ಉತ್ತರ ಹೇಳುತ್ತದೆ. ಕ್ಯೋಟೊ ನಗರದ ದೈತೊಕುಜಿ ದೇವಾಲಯದ ಆವರಣದಲ್ಲಿ ‘ಕಿಝಾಎಮೊನ್’ ಎಂಬ ಬಟ್ಟಲೊಂದಿದೆ. ಚಹಾ ಸಮಾರಂಭದ ರಸಿಕರು ಅದನ್ನು ಬಟ್ಟಲುಗಳಲ್ಲೆಲ್ಲ ಶ್ರೇಷ್ಠವೆಂದು ಎಣಿಸಿದರು. ಜಪಾನು ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ಅದನ್ನು ಮಾಡಿದವನೋ ಕೊರಿಯ ದೇಶದ ಹೆಸರಿಲ್ಲದ ಕುಂಬಾರ. ಅಂಥವನ್ನು ಎಷ್ಟು ಸಾವಿರ ತಿರುಗಿಸಿದ್ದನೋ! 1931ರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ ಯಾನಗಿ ಸೋಯೆತ್ಸು ಎಂಬ ವಿಮರ್ಶಕನು, ಇದು ಬಡವರು ದಿನಬಳಕೆಗೆ ಇಟ್ಟುಕೊಳ್ಳುತ್ತಿದ್ದ ಅತಿ ಸಾಮಾನ್ಯ ಬಟ್ಟಲು. ಆ ಸಾಮಾನ್ಯತೆಯೇ ಇದರ ಚೆಲುವು, ಎಂದು ಅರಿತನು. ಜನಬಳಕೆಯ ಇಂಥ ಅನಾಮಿಕ ವಸ್ತುಗಳಿಗಾಗಿಯೇ ಆತನು 1936ರಲ್ಲಿ ಟೋಕಿಯೊದಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದನು. ಪುನರಾವರ್ತನೆ ಕಲೆಯ ಶತ್ರುವಾಗಿದ್ದರೆ ಆ ಬಟ್ಟಲು ನಿಧಿಯಾಗುತ್ತಿರಲಿಲ್ಲ. ಅಷ್ಟು ದೂರವೇಕೆ? ನಮ್ಮ ಯಕ್ಷಗಾನದ ವೇಷಧಾರಿ ಅದೇ ಪ್ರಸಂಗದ ಅದೇ ಪಾತ್ರವನ್ನು ನೂರು ರಾತ್ರಿ ಕುಣಿಯುತ್ತಾನೆ. ನೂರನೆಯ ರಾತ್ರಿಯೂ ನಾವು ನಿದ್ದೆಗೆಟ್ಟು ನೋಡುವುದಿಲ್ಲವೆ?

ಇಷ್ಟಾದರೂ ಜಗತ್ತು ಕಲೆಯನ್ನು ಗುರುತಿಸುವುದು ವಸ್ತುವನ್ನು ನೋಡಿಯಲ್ಲ, ಅದು ನಿಂತ ಜಾಗವನ್ನು ನೋಡಿ. ಬ್ರಹ್ಮಾವರ ತಾಲ್ಲೂಕಿನ ಶಿರಿಯಾರದ ಬಳಿ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನವಿದೆ. ಅಲ್ಲಿಯ ದೈವಗಳ ಆಳೆತ್ತರದ ಮರದ ಮೂರ್ತಿಗಳು ಪ್ರಸಿದ್ಧವಾದವು. ಅವುಗಳ ಹಳೆಯ ಪೀಳಿಗೆಯ ಅನೇಕ ಮೂರ್ತಿಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಗುಡಿಯಲ್ಲಿದ್ದಾಗ ಅವು ದೈವಗಳು. ಸಂಗ್ರಹಾಲಯದ ಹೆಸರಿನ ಪ್ರಕಾರ ಕರಕುಶಲ ವಸ್ತುಗಳು. ಬೆರಗಾಗಿ ನಿಂತ ಪ್ರೇಕ್ಷಕನ ಕಣ್ಣಿಗೆ ಮಹಾಶಿಲ್ಪಗಳು. ಮರ ಒಂದೇ, ಉಳಿಯ ಗುರುತು ಒಂದೇ; ಹೆಸರು ಮೂರು.

ವಿದೇಶದಲ್ಲಿ ಇಂಥ ಗೊಂದಲ ನ್ಯಾಯಾಲಯದವರೆಗೂ ಹೋಗಿದೆ. 1926ರಲ್ಲಿ ಬ್ರಾಂಕೂಷಿ ಎಂಬ ಪ್ರಖ್ಯಾತ ಶಿಲ್ಪಿಯ ಹಿತ್ತಾಳೆಬಣ್ಣದ ಕಂಚಿನ ಹಕ್ಕಿಯೊಂದು ಹಡಗಿನಲ್ಲಿ ಅಮೆರಿಕಕ್ಕೆ ಬಂದಾಗ, ಸುಂಕದ ಅಧಿಕಾರಿಗಳಿಗೆ ಅದರಲ್ಲಿ ರೆಕ್ಕೆಯೂ ಕಾಣಲಿಲ್ಲ, ಕೊಕ್ಕೂ ಕಾಣಲಿಲ್ಲ. ಕಲಾಕೃತಿಗೆ ಸುಂಕವಿಲ್ಲದಿದ್ದರೂ, ಅವರು ಅದನ್ನು ಅಡುಗೆಮನೆಯ ಉಪಕರಣಗಳ ವರ್ಗಕ್ಕೆ ಸೇರಿಸಿ ಶೇಕಡ 40ರಂತೆ ಸುಂಕ ವಿಧಿಸಿದರು! 1928ರಲ್ಲಿ ನ್ಯಾಯಾಲಯವು ಅದು ಕಲೆಯೇ ಎಂದು ತೀರ್ಪಿತ್ತಿತು. ಇನ್ನೊಂದು ಕಥೆ 1917ರದು. ಮಾರ್ಸೆಲ್ ದ್ಯೂಷಾಂ ಎಂಬವನು, ಸಭ್ಯರ ಮನೆಯ ಪತ್ರಿಕೆಯಲ್ಲಿ ಹೆಸರೆತ್ತಲು ಸಂಕೋಚವಾಗುವ ಒಂದು ಪಿಂಗಾಣಿ ಪಾತ್ರೆಯನ್ನು ಅಂಗಡಿಯಿಂದ ಕೊಂಡು, ಅದನ್ನು ಅಡ್ಡ ಮಲಗಿಸಿ, ಸುಳ್ಳು ರುಜು ಹಾಕಿ, ‘ಕಾರಂಜಿ’ಯೆಂದು ಹೆಸರಿಟ್ಟು ನ್ಯೂಯಾರ್ಕಿನ ಕಲಾಪ್ರದರ್ಶನಕ್ಕೆ ಕಳುಹಿಸಿದನು. ಅಂದು ಅದನ್ನು ಪ್ರದರ್ಶಿಸಲಿಲ್ಲ. ಇಂದು ಕಲಾಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ತಪ್ಪದೆ ಸ್ಥಾನವಿದೆ. ಅದೂ ಮಣ್ಣಿನ ಪಾತ್ರೆಯೇ, ಉಪಯೋಗದ ಪಾತ್ರೆಯೇ. ಉಪಯೋಗದಿಂದ ಬಿಡಿಸಿದ ಕೂಡಲೇ ಅದು ಕಲೆಯಾಯಿತು. ಆ ಪಿಂಗಾಣಿಯನ್ನು ಎರಕ ಹೊಯ್ದ ಕಾರ್ಖಾನೆಯ ಕೆಲಸಗಾರನ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಕಥೆಯನ್ನು ನಗೆಗೆಂದು ಹೇಳಲಿಲ್ಲ. ನಮ್ಮ ಪೇಟೆಯ ಮಳಿಗೆಗಳಲ್ಲಿಯೂ ಇದೇ ನಡೆಯುತ್ತಿದೆ. ಸಂತೆಯಲ್ಲಿ ಚೌಕಾಶಿಗೆ ಸಿಲುಕಿದ ಮಡಕೆ, ಬಣ್ಣ ಬಳಿಸಿಕೊಂಡು ಗಾಜಿನ ಹಿಂದೆ ನಿಂತರೆ ಹಲವು ಪಟ್ಟು ಬೆಲೆ ಪಡೆಯುತ್ತದೆ. ಆ ಹೆಚ್ಚಿದ ಹಣ ತಿಗರಿ ತಿರುಗಿಸಿದವನಿಗೆ ಸೇರುವುದು ಅಪರೂಪ. ಅಷ್ಟೇ ಅಲ್ಲ, ಒಲೆಯ ಭಯವಿಲ್ಲದ ಮಡಕೆಗೆ ಹದವಾದ ಮರಳೂ ಬೇಡ, ತೆಳು ಗೋಡೆಯೂ ಬೇಡ, ಸದ್ದಿನ ಪರೀಕ್ಷೆಯೂ ಬೇಡ. ಎಂದರೆ ಕಲೆಯೆಂಬ ಬಿರುದನ್ನು ಕೊಟ್ಟು, ಆ ಕಲೆಯ ಛಂದಸ್ಸನ್ನೇ ಕಿತ್ತುಕೊಂಡಂತಾಯಿತು. ಕಸಬೆಂದರೆ ಗೌರವವಿಲ್ಲ; ಅಲಂಕಾರದ ಕಲೆಯೆಂದರೆ ಪ್ರಾಣವಿಲ್ಲ. ನಮ್ಮ ಕುಂಬಾರನು ಸಿಕ್ಕಿಬಿದ್ದಿರುವುದು ಈ ಇಕ್ಕಟ್ಟಿನಲ್ಲಿ.

ಸರಕಾರವೂ ಈ ಇಬ್ಬಂದಿಯಿಂದ ಹೊರತಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಹುಟ್ಟಿತು. 1954ರಲ್ಲಿ ಲಲಿತಕಲಾ ಅಕಾಡೆಮಿ ಹುಟ್ಟಿತು. ಅಣ್ಣತಮ್ಮಂದಿರಿಗೆ ಪಾಲು ಮಾಡಿ ಎರಡು ಮನೆ ಕಟ್ಟಿದಂತೆ! ಕರಕುಶಲ ಮಂಡಲಿಯನ್ನು ಬಹುಕಾಲ ನಡೆಸಿದವರು ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಹಳ್ಳಿಯ ಕೈಗಳಿಗೆ ದೇಶದ ಗೌರವ ದೊರಕಿಸಲು ಅವರಂತೆ ದುಡಿದವರು ವಿರಳ. ಆ ಮಂಡಲಿಯನ್ನು 2020ರಲ್ಲಿ ರದ್ದುಗೊಳಿಸಲಾಯಿತು. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯ 18 ವೃತ್ತಿಗಳ ಪಟ್ಟಿಯಲ್ಲಿ ಕುಂಬಾರನೂ ಮೂರ್ತಿಕಾರನೂ ಒಟ್ಟಿಗೆ ಇದ್ದಾರೆ. ಸಾಲ, ತರಬೇತಿ, ಸಲಕರಣೆಗಳ ದೃಷ್ಟಿಯಿಂದಲಾದರೂ ಪಂಕ್ತಿಭೇದ ಅಳಿಯಿತೆನ್ನಬಹುದು.

ಗೌರವದ ದೃಷ್ಟಿಯಿಂದ ಅಳಿಯುವುದೂ ಅಸಾಧ್ಯವಲ್ಲ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯ ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಮನಸೋತು ಬಂದು ಕುಣಿದನೆಂಬುದು ಅದರ ಕಥೆ. ಹಲಗೆಯಿಂದ ಗೋಡೆ ತೆಳುವಾಗಿಸುವ ಆ ಕೆಲಸದ ಸದ್ದನ್ನೇ ನಮ್ಮ ಕವಿ ಸಂಗೀತವೆಂದು ಕೇಳಿಸಿಕೊಂಡನು. ಕಸಬು ಎಲ್ಲಿ ಮುಗಿಯಿತು, ಕಲೆ ಎಲ್ಲಿ ಮೊದಲಾಯಿತು ಎಂದು ಶಿವನು ಕೇಳಲಿಲ್ಲ. ಇದು ಪುರಾಣದ ಮಾತಾಯಿತೆನ್ನುವವರಿಗೆ ಹೊಸ ಸಾಕ್ಷ್ಯವೂ ಉಂಟು. ಸಂಗೀತ ಕಛೇರಿಯ ಘಟಕ್ಕೆ ಹೆಸರಾದ ಊರು ತಮಿಳುನಾಡಿನ ಮಾನಾಮದುರೈ. ಅಲ್ಲಿ ಘಟಗಳನ್ನು ತಟ್ಟಿ ಶ್ರುತಿಗೆ ತರುವ ಕುಂಬಾರ ಮನೆತನದ ಮೀನಾಕ್ಷಿಯಮ್ಮನವರಿಗೆ 2013ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಂದಿತು. ವಿದ್ವಾಂಸರು ನುಡಿಸಿದ ಮಡಕೆಗೆ ಮಾತ್ರವಲ್ಲ, ಮಡಕೆಯನ್ನು ಮಾಡಿದ ಕೈಗೂ ಹಾರ ಬಿತ್ತು.

ನಮ್ಮ ಸೀಮೆಯಲ್ಲಿಯೂ ಇಂಥ ಬದಲಾವಣೆ ನಡೆದದ್ದುಂಟು. ಸುಶಿಕ್ಷಿತರು ಮೂಗು ಮುರಿಯುತ್ತಿದ್ದ ಬಯಲಾಟವನ್ನು ಕೋಟದ ಶಿವರಾಮ ಕಾರಂತರು ವರ್ಷಗಟ್ಟಲೆ ಅಭ್ಯಸಿಸಿ ಗ್ರಂಥ ಬರೆದರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬ್ರಹ್ಮಾವರದ ಬಳಿಯ ಹಾರಾಡಿ, ಮಟಪಾಡಿಗಳ ಹೆಸರು ಇಂದು ಬಡಗುತಿಟ್ಟಿನ ಶೈಲಿಗಳ ಹೆಸರಾಗಿ ನಿಂತಿದೆ. ಕುಂದಾಪುರದ ಉಪ್ಪಿನಕುದ್ರುವಿನ ಗೊಂಬೆಯಾಟ ಸಮುದ್ರ ದಾಟಿತು. ಬಯಲಾಟವಾಗಲಿ ಗೊಂಬೆಯಾಗಲಿ ರಾತ್ರಿ ಬೆಳಗಾಗುವುದರೊಳಗೆ ಬದಲಾಗಲಿಲ್ಲ. ನೋಡುವವರ ಕಣ್ಣು ಬದಲಾಯಿತು. ಒಬ್ಬರು ಹೋಗಿ ಕುಳಿತು, ಕೇಳಿ, ಬರೆದುಕೊಂಡರು. ಇಂಥ ಊರಿನ ತಿಗರಿ ಇಂಥ ಕಂಠಕ್ಕೆ ಹೆಸರಾದದ್ದು ಎಂದು ನಾವಿನ್ನೂ ಬರೆದುಕೊಂಡಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬಿಡುವಿನ ಒಂದು ತಿಂಗಳಿನಲ್ಲಿ ಮಾಡಬಹುದಾದ ಕೆಲಸವಿದು. ಮಣ್ಣು ತೆಗೆಯುವ ಗದ್ದೆಯಿಂದ ಆವಿಗೆಯವರೆಗಿನ ಮಾತುಗಳನ್ನು, ಪಾತ್ರೆಗಳ ಆಕಾರವನ್ನು, ಮಾಡಿದವರ ಹೆಸರನ್ನು, ಬಲ್ಲ ಹಿರಿಯರು ಇರುವಾಗಲೇ ದಾಖಲಿಸಿಕೊಳ್ಳಬೇಕು.

ಗೃಹಿಣಿಯರಿಗೂ ಯಜಮಾನರಿಗೂ ನನ್ನ ಬಿನ್ನಹ ಇನ್ನೂ ಚಿಕ್ಕದು. ಮಡಕೆಯನ್ನು ಕೊಂಡರೆ ಒಲೆಗೆ ಏರಿಸಿ. ಹುಣಸೆಹುಳಿಗೆ ಅಲ್ಯುಮಿನಿಯಂ ಕರಗುತ್ತದೆ, ಮಣ್ಣು ಕರಗದು. ಮೀನಿನ ಸಾರೋ ಹುರುಳಿಯ ಸಾರೋ ಇಳಿಸಿದ ಮೇಲೂ ಅದರಲ್ಲಿ ಬಹಳ ಹೊತ್ತು ಬಿಸಿಯಾಗಿರುತ್ತದೆ. ತಟ್ಟಿ ಆರಿಸಿ; ಆರಿಸಿದ ಮೇಲೆ ಚೌಕಾಶಿ ಮಾಡಬೇಡಿ. ಚಿತ್ರ ಕೊಳ್ಳುವಾಗ ಮೂಲೆಯ ರುಜುವನ್ನು ಹುಡುಕುವಂತೆ, ಮಡಕೆ ಕೊಳ್ಳುವಾಗ “ಇದನ್ನು ಮಾಡಿದವರು ಯಾರು?” ಎಂದು ಒಂದು ಮಾತು ಕೇಳಿ.

ಆ ಒಂದು ಮಾತಿನ ಬೆಲೆಯನ್ನು ತಿಳಿಯಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೆನೆಯಬೇಕು. ಅಲ್ಲಿ ಅಶೋಕಚಕ್ರವರ್ತಿಯ ಶಾಸನವಿದೆ. ಅದನ್ನು ಬರೆದ ಲಿಪಿಕಾರನು ಕೊನೆಯಲ್ಲಿ ‘ಚಪಡ’ ಎಂಬ ತನ್ನ ಹೆಸರನ್ನು ಹಾಕಿದ್ದಾನೆ. ಅವನ ಕೆಲಸವೂ ಕಸಬೇ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆತನನ್ನು ನಾವು ಇಂದಿಗೂ ಹೆಸರು ಹಿಡಿದು ಕರೆಯುತ್ತೇವೆ. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನೆಲವನ್ನು ಅಗೆಸಿದಾಗ, ಶಾಸನಕ್ಕೂ ಹಿಂದಿನ ಹಾಗೂ ಮುಂದಿನ ಕಾಲಗಳನ್ನು ಆತನಿಗೆ ಬಿಡಿಸಿ ಹೇಳಿದವು ಬಹುಮಟ್ಟಿಗೆ ಮಡಕೆಯ ಓಡುಗಳು. ಮರ ಕೊಳೆಯಿತು, ಕಬ್ಬಿಣ ತುಕ್ಕಾಯಿತು, ಬಟ್ಟೆ ಮಣ್ಣಾಯಿತು. ಬೆಂದ ಮಣ್ಣು ಮಾತ್ರ ಮತ್ತೆ ಮಣ್ಣಾಗಲಿಲ್ಲ. ಆ ಜನರು ಏನನ್ನು ಉಂಡರು, ಸತ್ತವರನ್ನು ಹೇಗೆ ಕಳುಹಿಸಿಕೊಟ್ಟರು ಎಂಬುದಕ್ಕೆಲ್ಲ ಸಾಕ್ಷಿ ನುಡಿದವನು ಕುಂಬಾರ. ಅವನು ಹೆಸರು ಬರೆದಿಡಲಿಲ್ಲ; ಅಂದು ಅವನನ್ನು ಯಾರೂ ಕೇಳಿಯೂ ಇರಲಿಲ್ಲ.